ರಾಗಿಹುಲ್ಲು, ಭತ್ತದ ಹುಲ್ಲು ಮತ್ತು ಹಸುವಿನ ಮೂಳೆ

ಹಸುವಿನ ಮೈತೂಕದಲ್ಲಿ ಖನಿಜಗಳ ಪಾಲು ನೂರಕ್ಕೆ ಸುಮಾರು ನಾಲ್ಕೈದು ಭಾಗವಷ್ಟೇ ಆದರೂ, ಮೇವಿನಿಂದ ದೊರೆಯುವ ಪಿಷ್ಟ, ಪ್ರೋಟೀನ್ ಮತ್ತು ಕೊಬ್ಬು ದೇಹದಲ್ಲಿ ಸರಿಯಾಗಿ ಬಳಕೆಗೆ ಬರುವುದು ಆ ಸಣ್ಣ ಪಾಲು ಸಮರ್ಪಕವಾಗಿದ್ದಾಗ ಮಾತ್ರ. ದಿನಕ್ಕೆ ಗ್ರಾಂ ಲೆಕ್ಕದಲ್ಲಿ ಬೇಕಾಗುವ ಕ್ಯಾಲ್ಸಿಯಂ, ರಂಜಕ, ಮೆಗ್ನೀಷಿಯಂ, ಸೋಡಿಯಂ, ಪೊಟ್ಯಾಸಿಯಂ, ಕ್ಲೋರಿನ್ ಮತ್ತು ಗಂಧಕಗಳನ್ನು ಪ್ರಧಾನ ಖನಿಜಗಳೆಂದೂ, ಮಿಲಿಗ್ರಾಂ ಲೆಕ್ಕದಲ್ಲಿ ಸಾಕಾಗುವ ತಾಮ್ರ, ಸತು, ಕಬ್ಬಿಣ, ಮ್ಯಾಂಗನೀಸ್, ಕೋಬಾಲ್ಟ್, ಅಯೋಡಿನ್, ಸೆಲೆನಿಯಂ ಮೊದಲಾದವನ್ನು ಲೇಶ ಖನಿಜಗಳೆಂದೂ ವಿಂಗಡಿಸುವುದು ವಾಡಿಕೆ. ಹಸುವಿನ ಮೊದಲ ಹೊಟ್ಟೆಯಾದ ರೂಮೆನ್‌ನಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳು ಹಲವು ಜೀವಸತ್ವಗಳನ್ನು ತಾವೇ ತಯಾರಿಸಿಕೊಡುತ್ತವೆ, ಯೂರಿಯಾದಂಥ ಸರಳ ವಸ್ತುವಿನಿಂದ ಪ್ರೋಟೀನನ್ನೂ ಕಟ್ಟಿಕೊಡುತ್ತವೆ. ಖನಿಜವನ್ನು ಮಾತ್ರ ಯಾವ ಜೀವಿಯೂ ಸೃಷ್ಟಿಸಲಾರದು. ಅದು ಮಣ್ಣಿನಿಂದ ಮೇವಿಗೆ, ಮೇವಿನಿಂದ ಹಸುವಿಗೆ ಬರಬೇಕು. ಮಣ್ಣಿನಲ್ಲಿ ಇಲ್ಲದ್ದು, ಇಲ್ಲವೇ ಮಣ್ಣಿನಲ್ಲಿದ್ದೂ ಗಿಡದ ಬೇರಿಗೆ ಎಟುಕದ್ದು, ಗೋದಲಿಯಲ್ಲೂ ಇರುವುದಿಲ್ಲ.

ಹೀಗಾಗಿ ಹಸುವಿಗೆ ಯಾವ ಖನಿಜವನ್ನು ಎಷ್ಟು ಕೊಡಬೇಕು ಎಂಬ ಪ್ರಶ್ನೆಗೆ ಉತ್ತರವನ್ನು ಔಷಧಿ ಅಂಗಡಿಯ ಕಪಾಟಿನಲ್ಲಿ ಹುಡುಕುವ ಮೊದಲು ಆ ಹಸು ಯಾವ ಹುಲ್ಲು ತಿನ್ನುತ್ತಿದೆ, ಆ ಹುಲ್ಲು ಯಾವ ನೆಲದಲ್ಲಿ ಬೆಳೆದಿದೆ ಎಂಬುದನ್ನು ನೋಡಬೇಕಾಗುತ್ತದೆ. ಕರ್ನಾಟಕದಲ್ಲಿ ಖನಿಜ ಮಿಶ್ರಣದ ಬಗ್ಗೆ ಅರಿವು ಸಾಕಷ್ಟು ಹರಡಿದ್ದರೂ ಮೇವು ಮತ್ತು ಮಣ್ಣಿನ ಈ ವಿಚಾರ ಕೊಟ್ಟಿಗೆಯವರೆಗೆ ಇನ್ನೂ ಪೂರ್ತಿಯಾಗಿ ತಲುಪಿಲ್ಲ.

ಹಾಲಿನೊಡನೆ ಹೊರಹೋಗುವುದು

ಒಂದು ಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 1.2 ಗ್ರಾಂ ಕ್ಯಾಲ್ಸಿಯಂ ಮತ್ತು 0.9 ಗ್ರಾಂ ರಂಜಕ ಇರುತ್ತದೆ. ದಿನಕ್ಕೆ ಎರಡು ಲೀಟರ್ ಕೊಡುವ ನಾಟಿ ಹಸು ಹಾಲಿನ ಮೂಲಕ ಕಳೆದುಕೊಳ್ಳುವ ಕ್ಯಾಲ್ಸಿಯಂ ಎರಡೂವರೆ ಗ್ರಾಂ ಮುಟ್ಟುವುದಿಲ್ಲ. ಹದಿನೈದು ಲೀಟರ್ ಕೊಡುವ, ಜನ ಸೀಮೆಹಸು ಎಂದೇ ಕರೆಯುವ ಮಿಶ್ರತಳಿಯ ಹಸು ಅದೇ ದಿನ 18 ಗ್ರಾಂ ಕ್ಯಾಲ್ಸಿಯಂ ಮತ್ತು ಹದಿಮೂರು ಗ್ರಾಂಗೂ ಮಿಕ್ಕಿದ ರಂಜಕವನ್ನು ಕೆಚ್ಚಲಿನಿಂದ ಹೊರಹಾಕುತ್ತದೆ. ಮೇವಿನಲ್ಲಿರುವ ಕ್ಯಾಲ್ಸಿಯಂನಲ್ಲಿ ಕರುಳು ಹೀರಿಕೊಳ್ಳುವುದು ಸಾಮಾನ್ಯವಾಗಿ ಅರ್ಧಕ್ಕಿಂತಲೂ ಕಡಿಮೆಯಾದ್ದರಿಂದ, ಹಾಲಿಗೆ ಹೋದುದರ ಎರಡು ಪಟ್ಟಿಗೂ ಹೆಚ್ಚು ಕ್ಯಾಲ್ಸಿಯಂ ಹಾಲಿನ ಸಲುವಾಗಿಯೇ ಮೇವಿನಲ್ಲಿರಬೇಕು. ಹಸುವಿನ ಸ್ವಂತ ದೇಹಪೋಷಣೆಗೂ, ಗಬ್ಬವಾಗಿದ್ದರೆ ಕೊನೆಯ ಎರಡು ಮೂರು ತಿಂಗಳಲ್ಲಿ ಕರುವಿನ ಮೂಳೆ ಕಟ್ಟುವುದಕ್ಕೂ ಬೇಕಾದದ್ದು ಬೇರೆ.

ಗಮನಿಸಬೇಕಾದ ಸಂಗತಿಯೆಂದರೆ, ಮೇವಿನಲ್ಲಿ ಕ್ಯಾಲ್ಸಿಯಂ ಕಡಿಮೆಯಾದಾಗ ಹಾಲಿನ ಕ್ಯಾಲ್ಸಿಯಂ ಕಡಿಮೆಯಾಗುವುದಿಲ್ಲ. ಪ್ರತಿ ಲೀಟರಿನ ಸಾಂದ್ರತೆಯನ್ನು ಹಸು ಹಾಗೆಯೇ ಕಾಯ್ದುಕೊಂಡು, ಕೊರತೆ ಬಿದ್ದುದನ್ನು ತನ್ನ ಮೂಳೆಯೆಂಬ ಕಣಜದಿಂದ ತೆಗೆದು ಹಾಲಿಗೆ ಸುರಿಯುತ್ತದೆ. ದೇಹದ ಒಟ್ಟು ಕ್ಯಾಲ್ಸಿಯಂನಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚು, ರಂಜಕದಲ್ಲಿ ನೂರಕ್ಕೆ 80ರಷ್ಟು ಮೂಳೆ ಮತ್ತು ಹಲ್ಲುಗಳಲ್ಲೇ ಇರುವುದರಿಂದ ಈ ವ್ಯವಹಾರ ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದೆ ನಡೆಯಬಲ್ಲದು. ಹಾಲಿನ ಡೇರಿಯಲ್ಲಿ ಕೊಬ್ಬನ್ನೂ ಘನಾಂಶವನ್ನೂ ಅಳೆಯುವ ಯಂತ್ರಕ್ಕೆ ಇದು ಕಾಣಿಸುವುದಿಲ್ಲ. ರಕ್ತಪರೀಕ್ಷೆಯೂ ಇಲ್ಲಿ ಹೆಚ್ಚು ನೆರವಾಗದು; ಏಕೆಂದರೆ ರಕ್ತದ ಕ್ಯಾಲ್ಸಿಯಂ ಮಟ್ಟವನ್ನು ಹಾರ್ಮೋನುಗಳು ಹಿಡಿದಿಟ್ಟಿರುತ್ತವೆ, ಮೂಳೆ ಸವೆಯುತ್ತಿದ್ದರೂ ವರದಿ ಸರಿಯಾಗಿಯೇ ಬರುತ್ತದೆ. ಅಯೋಡಿನ್ ಮತ್ತು ಸೆಲೆನಿಯಂಗಳ ವಿಷಯದಲ್ಲಿ ಮಾತ್ರ ಇದು ತಿರುವುಮುರುವು: ಹಸುವಿನ ಮೇವಿನಲ್ಲಿ ಅವು ಕುಂದಿದರೆ ಹಾಲಿನಲ್ಲೂ ಕುಂದುತ್ತವೆ, ಆ ಮೂಲಕ ಹಾಲು ಕುಡಿಯುವ ಮಗುವಿಗೂ ಕಡಿಮೆಯಾಗುತ್ತವೆ.

ಅಮೃತಮಹಲ್ ಮತ್ತು ಹಳ್ಳಿಕಾರ್ ತಳಿಗಳು ಕಾವಲುಗಳಲ್ಲಿ ಮೇಯುತ್ತಿದ್ದ ಕಾಲದಲ್ಲಿ ದನಗಳು ಹತ್ತಾರು ಬಗೆಯ ಹುಲ್ಲು, ಬಳ್ಳಿ, ಮರದ ಸೊಪ್ಪುಗಳನ್ನು ತಾವೇ ಆರಿಸಿ ತಿನ್ನುತ್ತಿದ್ದವು. ಒಂದು ಗಿಡದಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಸಿಗುತ್ತಿತ್ತು. ಇಂದು ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ ಹಸುವಿಗೆ ಒಂದೇ ಹೊಲದ ಒಂದೇ ಬಗೆಯ ಹುಲ್ಲು ವರ್ಷವಿಡೀ ಬೀಳುತ್ತದೆ, ಹಾಲಿನ ನಿರೀಕ್ಷೆ ಮಾತ್ರ ಹಲವು ಪಟ್ಟು ಏರಿದೆ. ಹಾಗೆಂದು ಹೊರಗೆ ಮೇಯುವ ದನಕ್ಕೆ ಕೊರತೆಯೇ ಇರುವುದಿಲ್ಲವೆಂದು ಭಾವಿಸುವುದು ತಪ್ಪು. ದಕ್ಷಿಣ ಆಫ್ರಿಕದ ವ್ರೈಬರ್ಗ್ ಸುತ್ತಲಿನ ವಿಶಾಲ ಹುಲ್ಲುಗಾವಲುಗಳಲ್ಲಿ ದನಗಳು ಕಾಲು ಸೋತು ಬಿದ್ದು ಸಾಯುತ್ತಿದ್ದ ವಿಚಿತ್ರ ರೋಗವನ್ನು ಪಶುವೈದ್ಯ ವಿಜ್ಞಾನಿ ಅರ್ನಾಲ್ಡ್ ಥೈಲರ್ ಮತ್ತು ಸಂಗಡಿಗರು ಮೊದಲ ಮಹಾಯುದ್ಧದ ನಂತರದ ವರ್ಷಗಳಲ್ಲಿ ಪತ್ತೆಹಚ್ಚಿದಾಗ, ಅದರ ಬೇರು ಮಣ್ಣಿನ ರಂಜಕದ ಕೊರತೆಯಲ್ಲಿತ್ತು. ರಂಜಕಕ್ಕಾಗಿ ಹಪಹಪಿಸುತ್ತಿದ್ದ ದನಗಳು ಬಯಲಲ್ಲಿ ಬಿದ್ದ ಸತ್ತ ಪ್ರಾಣಿಗಳ ಮೂಳೆ ಅಗಿಯುತ್ತಿದ್ದವು, ಕೊಳೆತ ಮೂಳೆಗಂಟಿದ, ಬಾಟುಲಿಸಂ ರೋಗ ತರುವ ಮಾರಕ ವಿಷ ಅವುಗಳನ್ನು ಕೊಲ್ಲುತ್ತಿತ್ತು. ಶುದ್ಧ ಮೂಳೆಪುಡಿಯನ್ನು ದಿನವೂ ಸ್ವಲ್ಪ ತಿನ್ನಿಸಿದಾಗ ಮೂಳೆಯ ಗೀಳು ನಿಂತು, ಸಾವು ಇಳಿದು, ದನಗಳ ಮೈತೂಕವೂ ಏರಿತು. ದನಗಳಿಗೆ ಖನಿಜ ತಿನ್ನಿಸುವ ಆಧುನಿಕ ಪದ್ಧತಿಗೆ ಈ ಪ್ರಯೋಗ ಒಂದು ಗಟ್ಟಿ ತಳಹದಿಯಾಯಿತು. ನಮ್ಮ ಹಳ್ಳಿಗಳಲ್ಲಿ ಗೋಡೆ ನೆಕ್ಕುವ, ಮಣ್ಣು ಮುಕ್ಕುವ, ಬಟ್ಟೆ ಅಥವಾ ಚಪ್ಪಲಿ ಅಗಿಯುವ, ಬೇರೆ ದನದ ಮೂತ್ರಕ್ಕೆ ನಾಲಿಗೆ ಚಾಚುವ ಹಸುವನ್ನು ಚೇಷ್ಟೆಯ ಹಸುವೆಂದು ಗದರಿಸುವವರು ಈ ಸಂಗತಿಯನ್ನು ನೆನೆಯಬಹುದು. ಹೊಟ್ಟೆಹುಳುವಿನ ಬಾಧೆಯಿಂದಲೂ ಇಂಥ ನಡವಳಿಕೆ ಬರುವುದುಂಟಾದರೂ, ಉಪ್ಪು ಮತ್ತು ರಂಜಕದ ಹಸಿವು ಅದರ ಪ್ರಮುಖ ಕಾರಣಗಳಲ್ಲಿ ಸೇರಿದೆ.

ಎರಡು ಹುಲ್ಲುಗಳ ಅಂತರ

ದೇಶದಲ್ಲೇ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ಕರ್ನಾಟಕ. ಕೋಲಾರ, ತುಮಕೂರು, ರಾಮನಗರ, ಬೆಂಗಳೂರು ಗ್ರಾಮಾಂತರ, ಹಾಸನ ಸೀಮೆಗಳ ದನಗಳಿಗೆ ಬಣವೆಯ ರಾಗಿಹುಲ್ಲೇ ಬೇಸಿಗೆಯ ಆಧಾರ. ರಾಗಿಕಾಳಿನಲ್ಲಿ 100 ಗ್ರಾಂಗೆ 340 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದ್ದು, ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಆಸುಪಾಸಿನಲ್ಲಿರುವುದು ತಿಳಿದ ವಿಷಯ. ಕಾಳಿನ ಈ ಗುಣ ಹುಲ್ಲಿಗೂ ಬಂದಿದೆ. ರಾಗಿಹುಲ್ಲಿನಲ್ಲಿ ಕ್ಯಾಲ್ಸಿಯಂ ಭತ್ತದ ಹುಲ್ಲಿಗಿಂತ ಹೆಚ್ಚು, ಹಸುವಿಗೆ ಅದು ದಕ್ಕುವುದೂ ಸುಲಭ. ಭತ್ತದ ಹುಲ್ಲಿನಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವುದಷ್ಟೇ ಅಲ್ಲ, ಅದರಲ್ಲಿರುವ ಆಕ್ಸಲೇಟ್ ಎಂಬ ಸಂಯುಕ್ತ ಕ್ಯಾಲ್ಸಿಯಂನೊಡನೆ ಗಟ್ಟಿಯಾಗಿ ಬೆಸೆದುಕೊಂಡು ಕರುಳಿಗೆ ಸಿಗದಂತೆ ಮಾಡುತ್ತದೆ. ರೂಮೆನ್‌ನ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಸಾಕಷ್ಟು ಒಡೆಯುತ್ತವಾದರೂ ಭತ್ತದ ಹುಲ್ಲೊಂದನ್ನೇ ತಿಂದ ದನ ತಿಂದುದಕ್ಕಿಂತ ಹೆಚ್ಚು ಕ್ಯಾಲ್ಸಿಯಂ ಕಳೆದುಕೊಳ್ಳಬಹುದೆಂಬುದು ಭಾರತದ ಪಶು ಪೋಷಣಾ ಸಂಶೋಧನೆ ದಶಕಗಳ ಹಿಂದೆಯೇ ಗುರುತಿಸಿದ ಸಂಗತಿ. ಹಸಿರು ಮೇವೆಂದು ಎಲ್ಲೆಡೆ ನೆಡುತ್ತಿರುವ ನೇಪಿಯರ್ ಹುಲ್ಲಿನಲ್ಲೂ ಆಕ್ಸಲೇಟ್ ಇದೆ, ಎಳೆಯದಾಗಿದ್ದಾಗ ಇನ್ನೂ ಹೆಚ್ಚು.

ಈ ಹುಲ್ಲುಗಳಿಗೆ ಜೊತೆಯಾಗುವ ದಾಣಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಚಿತ್ರ ಸ್ಪಷ್ಟವಾಗುತ್ತದೆ. ಗೋಧಿ ಬೂಸಾ, ಅಕ್ಕಿ ತೌಡು, ಎಣ್ಣೆ ಹಿಂಡಿಗಳಲ್ಲಿ ರಂಜಕ ಹೇರಳ, ಕ್ಯಾಲ್ಸಿಯಂ ಅತ್ಯಲ್ಪ. ಈ ರಂಜಕದ ಬಹುಪಾಲು ಫೈಟೇಟ್ ಎಂಬ ರೂಪದಲ್ಲಿದ್ದು ಹಂದಿ, ಕೋಳಿಗಳಿಗೆ ಸುಲಭವಾಗಿ ದಕ್ಕುವುದಿಲ್ಲ. ಹಸುವಿನ ರೂಮೆನ್‌ನಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಬಿಡಿಸಿಕೊಡುತ್ತವೆ. ರಂಜಕ ಕಡಿಮೆಯಿರುವ ರಾಗಿಹುಲ್ಲಿಗೆ ಎರಡು ಸೇರು ಬೂಸಾ ಬೆರೆಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಅದೇ ಭತ್ತದ ಹುಲ್ಲಿಗೆ ತೌಡು ಬೆರೆಸುವ ಕಾಲುವೆ ಬಯಲಿನ ಕೊಟ್ಟಿಗೆಯಲ್ಲಿ, ಕ್ಯಾಲ್ಸಿಯಂಗಿಂತ ರಂಜಕ ಮೇಲಾಗಿ, ಒಂದೂವರೆಯಿಂದ ಎರಡು ಪಾಲು ಕ್ಯಾಲ್ಸಿಯಂಗೆ ಒಂದು ಪಾಲು ರಂಜಕ ಎಂಬ ಅಪೇಕ್ಷಿತ ಅನುಪಾತ ತಲೆಕೆಳಗಾಗುತ್ತದೆ. ಅಂದರೆ ಮದ್ದೂರಿನ ಕಾಲುವೆ ಬಯಲಿನ ಹಸುವಿಗೂ ಮಾಲೂರಿನ ರಾಗಿ ಹೊಲದ ಹಸುವಿಗೂ ಒಂದೇ ಬಾಟಲಿಯ ಕ್ಯಾಲ್ಸಿಯಂ ಕುಡಿಸುವುದರಲ್ಲಿ ಅರ್ಥವಿಲ್ಲ. ಮೊದಲನೆಯದಕ್ಕೆ ಅದು ನಿಜವಾದ ಅಗತ್ಯವಾಗಿರಬಹುದು, ಎರಡನೆಯದಕ್ಕೆ ಬೇಕಿರುವುದು ತಾಮ್ರವೋ ಸತುವೋ ಆಗಿರಬಹುದು. ಭತ್ತದ ಸೀಮೆಯ ರೈತನಿಗೆ ಅಗ್ಗದ ದಾರಿಯೂ ಇದೆ: ಬದುವಿನ ಗ್ಲಿರಿಸಿಡಿಯಾ, ಚೊಗಚೆ, ಸುಬಾಬುಲ್ ಸೊಪ್ಪುಗಳಲ್ಲೂ ಅಲಸಂದೆ, ಕುದುರೆಮೆಂತೆಯಂಥ ದ್ವಿದಳ ಮೇವುಗಳಲ್ಲೂ ಕ್ಯಾಲ್ಸಿಯಂ ಸಮೃದ್ಧವಾಗಿದ್ದು, ದಿನಕ್ಕೆ ನಾಲ್ಕೈದು ಕಿಲೋ ಇಂಥ ಸೊಪ್ಪು ಬಿದ್ದರೆ ಕೊರತೆಯ ದೊಡ್ಡ ಪಾಲು ಅಲ್ಲೇ ನೀಗುತ್ತದೆ.

ಮಣ್ಣಿನ ವ್ಯತ್ಯಾಸ ಇದಕ್ಕಿಂತಲೂ ಆಳದ್ದು. ಮಲೆನಾಡು ಮತ್ತು ಕರಾವಳಿಯ ಜಂಬಿಟ್ಟಿಗೆ ಮಣ್ಣಿನಲ್ಲಿ ಭಾರಿ ಮಳೆ ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ತೊಳೆದೊಯ್ಯುತ್ತದೆ, ಉಳಿದ ರಂಜಕವನ್ನು ಕಬ್ಬಿಣ ಮತ್ತು ಅಲ್ಯೂಮಿನಿಯಂಗಳು ಬಿಗಿಹಿಡಿದು ಬೇರಿಗೆ ಬಿಟ್ಟುಕೊಡುವುದಿಲ್ಲ. ವಿಜಯಪುರ, ಕಲಬುರಗಿಗಳ ಎರೆಭೂಮಿಯಲ್ಲಿ ಕ್ಯಾಲ್ಸಿಯಂಗೆ ಬರವಿಲ್ಲ, ಆದರೆ ಆ ಕ್ಷಾರಗುಣವೇ ಸತುವನ್ನು ಬೇರಿಗೆ ಸಿಗದಂತೆ ಮಾಡುವುದರಿಂದ ಜೋಳದ ಕಣಿಕೆಯಲ್ಲಿ ಸತು ಸೊರಗುತ್ತದೆ. ರಾಜ್ಯ ಸರ್ಕಾರ ಇಕ್ರಿಸ್ಯಾಟ್ ಸಂಸ್ಥೆಯ ನೆರವಿನಿಂದ 2009ರಲ್ಲಿ ಆರಂಭಿಸಿದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳು ರಾಜ್ಯದ ಹೊಲಗಳಲ್ಲಿ ಸತು, ಗಂಧಕ, ಬೋರಾನ್‌ಗಳ ಕೊರತೆ ಎಷ್ಟು ವ್ಯಾಪಕವೆಂಬುದನ್ನು ತೋರಿಸಿದವು. ಆ ಚರ್ಚೆ ಬಹುಪಾಲು ಬೆಳೆಯ ಇಳುವರಿಯ ಸುತ್ತಲೇ ನಡೆಯಿತು; ಅದೇ ಹೊಲದ ಹುಲ್ಲು ತಿನ್ನುವ ದನದ ಮಾತು ಅಷ್ಟಾಗಿ ಕೇಳಲಿಲ್ಲ.

ಕರು ಹಾಕಿದ ದಿನ

ಖನಿಜ ಪೂರಕದ ವಿಷಯದಲ್ಲಿ ಹೆಚ್ಚಿನ ತಪ್ಪು ತಿಳಿವಳಿಕೆ ಇರುವುದು ಹಾಲುಜ್ವರದ ಬಗ್ಗೆ. ಮೂರನೆಯ ಅಥವಾ ನಾಲ್ಕನೆಯ ಸೂಲಿನ, ಹೆಚ್ಚು ಹಾಲು ಕೊಡುವ ಹಸು ಕರು ಹಾಕಿದ ಒಂದೆರಡು ದಿನಗಳಲ್ಲಿ ತೂರಾಡಿ, ನೆಲಹಿಡಿದು, ಕುತ್ತಿಗೆಯನ್ನು ಪಕ್ಕೆಯ ಕಡೆ ತಿರುಗಿಸಿಕೊಂಡು ಮಲಗಿಬಿಡುತ್ತದೆ; ಕಿವಿ ತಣ್ಣಗಾಗಿ, ದೇಹದ ಉಷ್ಣತೆ ಏರುವ ಬದಲು ಇಳಿದಿರುತ್ತದೆ. ವಯಸ್ಕ ಹಸುವಿನ ರಕ್ತದಲ್ಲಿ ಯಾವುದೇ ಕ್ಷಣದಲ್ಲಿ ಹರಿದಾಡುವ ಕ್ಯಾಲ್ಸಿಯಂ ಒಟ್ಟು ಮೂರು ಗ್ರಾಂ ಮಾತ್ರ. ಗಿಣ್ಣುಹಾಲಿನಲ್ಲಿ ಲೀಟರಿಗೆ ಎರಡು ಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ ಇರುವುದರಿಂದ, ಹತ್ತು ಲೀಟರ್ ಗಿಣ್ಣು ಕೊಡುವ ಹಸು ಒಂದೇ ದಿನದಲ್ಲಿ ತನ್ನ ರಕ್ತದಲ್ಲಿರುವುದರ ಏಳೆಂಟು ಪಟ್ಟು ಕ್ಯಾಲ್ಸಿಯಂ ಹೊರಹಾಕುತ್ತದೆ. ಈ ಸೋರಿಕೆ ಕಂಡೊಡನೆ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಹಾರ್ಮೋನ್ ಸ್ರವಿಸಿ ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸುತ್ತವೆ, ಕರುಳಿನ ಹೀರಿಕೆಯನ್ನೂ ಚುರುಕುಗೊಳಿಸುತ್ತವೆ; ಆದರೆ ಈ ವ್ಯವಸ್ಥೆ ಪೂರ್ತಿ ಚಾಲನೆಗೊಳ್ಳಲು ಒಂದರಿಂದ ಮೂರು ದಿನ ಹಿಡಿಯುತ್ತದೆ, ವಯಸ್ಸಾದ ಹಸುವಿನಲ್ಲಿ ಇನ್ನೂ ನಿಧಾನ. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದರೆ ಸ್ನಾಯುಗಳು ಸಂಕುಚಿಸಲಾರವು. ಹಸು ಬೀಳುವುದಕ್ಕೆ ಕಾರಣ ಇದು. ಗರ್ಭಕೋಶದ ಸ್ನಾಯು ಸೋತು ಮಾಸು ಬೀಳದೆ ಉಳಿಯುವುದಕ್ಕೂ, ಮೊಲೆತೊಟ್ಟಿನ ಬಾಯಿ ಬಿಗಿಯಾಗಿ ಮುಚ್ಚದೆ ಕೆಚ್ಚಲುಬಾವು ತಗಲುವುದಕ್ಕೂ ಇದು ದಾರಿ ಮಾಡುತ್ತದೆ.

ಇದರಿಂದ ಬಹುಜನ ತೆಗೆಯುವ ತೀರ್ಮಾನ, ತುಂಬು ಗಬ್ಬದ ಹಸುವಿಗೆ ಎರಡು ತಿಂಗಳು ಮುಂಚಿನಿಂದಲೇ ಕ್ಯಾಲ್ಸಿಯಂ ಕುಡಿಸಬೇಕೆಂಬುದು. ಶರೀರಕ್ರಿಯಾಶಾಸ್ತ್ರ ಹೇಳುವುದು ಇದಕ್ಕೆ ವಿರುದ್ಧವಾದದ್ದನ್ನು. ಹಾಲು ಬತ್ತಿಸಿದ ಅವಧಿಯಲ್ಲಿ ಅಗತ್ಯಕ್ಕಿಂತ ಹೆಚ್ಚು ಕ್ಯಾಲ್ಸಿಯಂ ದೊರೆತ ಹಸುವಿನಲ್ಲಿ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಕೆಲಸವಿಲ್ಲದೆ ಅವು ಮಂಕಾಗಿರುತ್ತವೆ, ಕರು ಹಾಕಿದ ದಿನ ಮೂಳೆಯ ಕ್ಯಾಲ್ಸಿಯಂ ತುರ್ತಾಗಿ ಬೇಕಾದಾಗ ಸಕಾಲಕ್ಕೆ ಸ್ಪಂದಿಸಲಾರವು. ಮೇವಿನಲ್ಲಿ ಪೊಟ್ಯಾಸಿಯಂ ಅತಿಯಾಗಿದ್ದರೂ, ಮೆಗ್ನೀಷಿಯಂ ಕಡಿಮೆಯಿದ್ದರೂ ಇದೇ ತೊಂದರೆ. ಆದ್ದರಿಂದ ಬತ್ತಿಸಿದ ಹಸುವಿಗೆ ಹದವಾದ ಖನಿಜ ಮಿಶ್ರಣ ಸಾಕು. ಪ್ರತ್ಯೇಕ ಕ್ಯಾಲ್ಸಿಯಂಗೆ ಸರಿಯಾದ ಸಮಯ ಕರು ಹಾಕಿದ ಹೊತ್ತು ಮತ್ತು ಅನಂತರದ ದಿನಗಳು. ಬಿದ್ದ ಹಸುವಿಗೆ ಪಶುವೈದ್ಯರು ಕ್ಯಾಲ್ಸಿಯಂ ಬೋರೋಗ್ಲುಕೊನೇಟ್ ದ್ರಾವಣವನ್ನು ರಕ್ತನಾಳಕ್ಕೆ ನಿಧಾನವಾಗಿ ಏರಿಸುತ್ತಾರೆ, ಅವಸರ ಮಾಡಿದರೆ ಹೃದಯ ನಿಲ್ಲುವ ಅಪಾಯವಿದೆ. ಹಲವು ಹಸುಗಳು ಕೆಲವೇ ನಿಮಿಷಗಳಲ್ಲಿ ಎದ್ದು ನಿಲ್ಲುವುದರಿಂದ ಈ ಚಿಕಿತ್ಸೆಗೆ ಪವಾಡದ ಖ್ಯಾತಿಯೂ ಬಂದಿದೆ. ಅಂಥ ಹಸುವಿಗೆ ಮನೆಯಲ್ಲಿ ಗೊಟ್ಟದಿಂದ ಏನನ್ನಾದರೂ ಕುಡಿಸುವುದು ಮಾತ್ರ ಸಲ್ಲದು. ನುಂಗುವ ಸ್ನಾಯುಗಳೂ ಸೋತಿರುವುದರಿಂದ ದ್ರವ ನೇರವಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ.

ಮಿಲಿಗ್ರಾಂಗಳ ಲೋಕ

ಲೇಶ ಖನಿಜಗಳ ಕೊರತೆ ಹಸುವನ್ನು ಹೀಗೆ ಬೀಳಿಸುವುದಿಲ್ಲ, ಹಾಗಾಗಿಯೇ ಅದು ಗಮನಕ್ಕೆ ಬರುವುದು ತಡವಾಗಿ. ತಾಮ್ರ ಕಡಿಮೆಯಾದ ಹಸುವಿನ ಕೂದಲು ಬಣ್ಣಗೆಟ್ಟು ಒರಟಾಗುತ್ತದೆ, ರಕ್ತಹೀನತೆ ಕಾಣಿಸುತ್ತದೆ; ಸತು ಕಡಿಮೆಯಾದಾಗ ಚರ್ಮ ಹಕ್ಕಳೆಗಟ್ಟಿ ಗೊರಸು ದುರ್ಬಲವಾಗುತ್ತದೆ. ಅಯೋಡಿನ್ ಕೊರತೆಯಾದ ಹಸು ಗಂಟಲು ಊದಿದ, ಕೂದಲಿಲ್ಲದ ಇಲ್ಲವೇ ಸತ್ತ ಕರು ಹಾಕಬಹುದು. ಕಲಗಚ್ಚಿಗೆ ಹಿಡಿ ಉಪ್ಪು ಹಾಕುವ ನಮ್ಮ ಹಳೆಯ ರೂಢಿ ಸೋಡಿಯಂ ಪೂರೈಕೆಗೆ ಅತ್ಯುತ್ತಮವಾದರೂ ಅಯೋಡಿನ್‌ಗೆ ಸಾಲದು. 30 ಗ್ರಾಂ ಅಯೋಡಿನ್‌ಯುಕ್ತ ಅಡುಗೆ ಉಪ್ಪಿನಲ್ಲಿ ಸಿಗುವುದು ಅರ್ಧ ಮಿಲಿಗ್ರಾಂ ಆಸುಪಾಸು, ಹಸುವಿಗೆ ಬೇಕಿರುವುದು ಅದರ ಹಲವು ಪಟ್ಟು. ಕೋಬಾಲ್ಟ್‌ನ ಕತೆ ಇನ್ನೂ ಸ್ವಾರಸ್ಯಕರ. ಪಶ್ಚಿಮ ಆಸ್ಟ್ರೇಲಿಯದಲ್ಲಿ ಸಮೃದ್ಧ ಹುಲ್ಲಿನ ನಡುವೆಯೇ ದನಗಳು ಕೃಶವಾಗಿ ಸಾಯುತ್ತಿದ್ದುದಕ್ಕೆ ಕಬ್ಬಿಣದ ಅದಿರಿನ ಪುಡಿ ಗುಣಕಾರಿಯಾಗಿತ್ತಾದ್ದರಿಂದ ಕಬ್ಬಿಣದ ಕೊರತೆಯೇ ಕಾರಣವೆಂದು ನಂಬಲಾಗಿತ್ತು. ಗುಣಪಡಿಸುತ್ತಿದ್ದುದು ಕಬ್ಬಿಣವಲ್ಲ, ಅದಿರಿನಲ್ಲಿ ಕಲಬೆರಕೆಯಾಗಿದ್ದ ಕೋಬಾಲ್ಟಿನ ಲೇಶವೆಂಬುದನ್ನು ಅಂಡರ್‌ವುಡ್ ಮತ್ತು ಫಿಲ್ಮರ್ ಎಂಬ ವಿಜ್ಞಾನಿಗಳು 1935ರಲ್ಲಿ ತೋರಿಸಿಕೊಟ್ಟರು. ರೂಮೆನ್‌ನ ಸೂಕ್ಷ್ಮಜೀವಿಗಳು ಕೋಬಾಲ್ಟಿನಿಂದ ಬಿ12 ಜೀವಸತ್ವ ತಯಾರಿಸುತ್ತವೆಂಬ ವಿವರಣೆ ಆ ಜೀವಸತ್ವವನ್ನು 1948ರಲ್ಲಿ ಬೇರ್ಪಡಿಸಿದ ನಂತರವಷ್ಟೇ ಸಾಧ್ಯವಾಯಿತು.

ಹಸು ಸಮಯಕ್ಕೆ ಬೆದೆಗೆ ಬರದಿರುವುದು, ಬಂದರೂ ಬೆದೆ ಮಂದವಾಗಿ ಗೊತ್ತಾಗದಿರುವುದು, ಮತ್ತೆ ಮತ್ತೆ ಕೃತಕ ಗರ್ಭಧಾರಣೆ ಮಾಡಿಸಿದರೂ ಗಬ್ಬ ನಿಲ್ಲದಿರುವುದು ಇವುಗಳಲ್ಲಿ ರಂಜಕ, ತಾಮ್ರ, ಸತು, ಮ್ಯಾಂಗನೀಸ್‌ಗಳ ಪಾತ್ರವಿದೆ. ಆದರೆ ಗಬ್ಬ ನಿಲ್ಲದ ಪ್ರತಿ ಹಸುವಿಗೂ ಖನಿಜದ ಪೊಟ್ಟಣವೇ ಪರಿಹಾರವೆಂಬ ಮಾರಾಟಗಾರರ ಮಾತನ್ನು ಹಾಗೆಯೇ ಒಪ್ಪಲಾಗದು. ಹೊಟ್ಟೆತುಂಬ ಮೇವಿಲ್ಲದೆ ಬಡಕಲಾದ ಹಸು, ಗರ್ಭಕೋಶದ ಸೋಂಕಿರುವ ಹಸು, ಬೆದೆಯ ಹೊತ್ತನ್ನು ತಪ್ಪಿಸಿ ಇಂಜೆಕ್ಷನ್ ಮಾಡಿಸಿದ ಹಸು ಖನಿಜ ತಿಂದ ಮಾತ್ರಕ್ಕೆ ಗಬ್ಬ ಕಟ್ಟುವುದಿಲ್ಲ.

ಖನಿಜಗಳು ಒಂದನ್ನೊಂದು ತಡೆಯುವುದರಿಂದ ಎಲ್ಲವನ್ನೂ ಸ್ವಲ್ಪ ಹೆಚ್ಚೇ ಕೊಡುವುದು ಕ್ಷೇಮವೆಂಬ ಎಣಿಕೆಯೂ ಸರಿಯಲ್ಲ. ಮಾಲಿಬ್ಡಿನಂ ಮತ್ತು ಗಂಧಕಗಳು ರೂಮೆನ್‌ನಲ್ಲಿ ಕೂಡಿಕೊಂಡು ತಾಮ್ರವನ್ನು ಕಟ್ಟಿಹಾಕುತ್ತವೆ, ಅತಿಯಾದ ಕಬ್ಬಿಣವೂ ತಾಮ್ರದ ಹೀರಿಕೆಗೆ ಅಡ್ಡಿಯಾಗುತ್ತದೆ. ಕೆಂಪು ಮಣ್ಣಿನ ನಾಡಿನಲ್ಲಿ ಮೇವಿನಲ್ಲೂ ಮೇವಿಗಂಟಿದ ಧೂಳಿನಲ್ಲೂ ಕಬ್ಬಿಣ ಬೇಕಾದುದಕ್ಕಿಂತ ಹೆಚ್ಚೇ ಇರುವಾಗ ಮಿಶ್ರಣದಲ್ಲಿ ಮತ್ತಷ್ಟು ಕಬ್ಬಿಣ ಸೇರಿಸಿದರೆ ತಾಮ್ರದ ಕೊರತೆ ಹೆಚ್ಚೀತು. ಬೆಂಗಳೂರಿನ ಆಡುಗೋಡಿಯಲ್ಲಿ 1995ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಪ್ರದೇಶಾಧಾರಿತ ಖನಿಜ ಮಿಶ್ರಣವೆಂಬ ಪರಿಕಲ್ಪನೆಯನ್ನು ಬೆಳೆಸಿದ್ದು ಈ ಕಾರಣದಿಂದಲೇ: ಒಂದು ಪ್ರದೇಶದ ಮಣ್ಣು, ಮೇವು ಮತ್ತು ದನಗಳ ರಕ್ತದ ಮಾದರಿಗಳನ್ನು ಪರೀಕ್ಷಿಸಿ, ಅಲ್ಲಿ ಯಾವುದು ಕೊರತೆಯೋ ಅದನ್ನಷ್ಟೇ ಸೇರಿಸಿ ಮಿಶ್ರಣ ತಯಾರಿಸುವುದು. ವೆಚ್ಚವೂ ಉಳಿಯುತ್ತದೆ, ಸಗಣಿಯ ಮೂಲಕ ಹೊಲಕ್ಕೆ ಹೋಗುವ ಅನಗತ್ಯ ಲೋಹಗಳೂ ಕಡಿಮೆಯಾಗುತ್ತವೆ. ಲೋಹವನ್ನು ಅಮೈನೊ ಆಮ್ಲದೊಡನೆ ಬೆಸೆದ ಕೀಲೇಟೆಡ್ ಖನಿಜಗಳು ಇಂಥ ಅಡೆತಡೆಗಳನ್ನು ಒಂದಿಷ್ಟು ದಾಟಬಲ್ಲವಾದರೂ, ಬೆಲೆ ದುಬಾರಿಯಾದ್ದರಿಂದ ಎಲ್ಲ ಹಸುಗಳಿಗೂ ಅವೇ ಬೇಕೆಂದೇನಿಲ್ಲ.

ಪೊಟ್ಟಣದ ಒಳಗಿನದು

ಭಾರತೀಯ ಮಾನಕ ಸಂಸ್ಥೆಯ ಐಎಸ್ 1664 ಮಾನದಂಡದ ಪ್ರಕಾರ ದನಗಳ ಉಪ್ಪುರಹಿತ ಖನಿಜ ಮಿಶ್ರಣದಲ್ಲಿ ಕನಿಷ್ಠ ಶೇಕಡ 20 ಕ್ಯಾಲ್ಸಿಯಂ, ಶೇಕಡ 12 ರಂಜಕ ಇರಬೇಕು, ಫ್ಲೋರಿನ್ ಶೇಕಡ 0.07 ಮೀರಬಾರದು. ರಂಜಕವೇ ದುಬಾರಿ ಅಂಶವಾದ್ದರಿಂದ ತೀರ ಅಗ್ಗದ ಪೊಟ್ಟಣದಲ್ಲಿ ಸುಣ್ಣಕಲ್ಲಿನ ಪುಡಿಯ ಪಾಲೇ ಹೆಚ್ಚಿರುವ ಸಾಧ್ಯತೆಯಿದೆ, ಕೊಳ್ಳುವವರು ಮೊದಲು ನೋಡಬೇಕಾದ ಅಂಕಿ ರಂಜಕದ್ದು. ಫ್ಲೋರಿನ್ ಮಿತಿಯೂ ಕಡೆಗಣಿಸುವಂಥದ್ದಲ್ಲ. ರಂಜಕದ ಮೂಲವಾದ ಶಿಲಾರಂಜಕದಲ್ಲಿ ಸ್ವಾಭಾವಿಕವಾಗಿ ಫ್ಲೋರಿನ್ ಇರುತ್ತದೆ, ಅದನ್ನು ತೆಗೆಯದೆ ಬಳಸಿದರೆ, ಪಾವಗಡದಂಥ ತಾಲ್ಲೂಕುಗಳಲ್ಲಿ ಕೊಳವೆಬಾವಿಯ ಫ್ಲೋರೈಡ್ ನೀರನ್ನೇ ಕುಡಿಯುತ್ತಿರುವ ದನಗಳ ಹಲ್ಲು ಮತ್ತು ಮೂಳೆಗಳಿಗೆ ಅದು ಇಮ್ಮಡಿ ಹೊರೆ. ಹಿಂದೆ ಬಳಕೆಯಲ್ಲಿದ್ದ ಮೂಳೆಪುಡಿಯ ಜಾಗಕ್ಕೆ ಈಗ ಹೆಚ್ಚಾಗಿ ಡೈಕ್ಯಾಲ್ಸಿಯಂ ಫಾಸ್ಫೇಟ್ ಬಂದಿದೆ. ಬ್ರಿಟನ್ನಿನಲ್ಲಿ 1986ರಲ್ಲಿ ಗುರುತಿಸಲಾದ ಹುಚ್ಚು ಹಸು ರೋಗ ಪ್ರಾಣಿಜನ್ಯ ಪದಾರ್ಥಗಳನ್ನು ದನಗಳಿಗೆ ತಿನ್ನಿಸುವುದರ ಅಪಾಯವನ್ನು ಜಗತ್ತಿಗೆ ತೋರಿಸಿತು.

ಸಾಮಾನ್ಯ ಶಿಫಾರಸಿನಂತೆ ಕರುವಿಗೆ ದಿನಕ್ಕೆ 20ರಿಂದ 25 ಗ್ರಾಂ, ಕಡಸು ಮತ್ತು ಬತ್ತಿಸಿದ ಹಸುವಿಗೆ 50 ಗ್ರಾಂ, ಕರಾವಿನ ಹಸುವಿಗೆ ಹಾಲಿನ ಪ್ರಮಾಣ ನೋಡಿ 100ರಿಂದ 200 ಗ್ರಾಂ ಮಿಶ್ರಣ ಸಾಕು. ಕಾರ್ಖಾನೆಯ ಸಮತೋಲನ ಪಶು ಆಹಾರದಲ್ಲಿ ಖನಿಜ ಮಿಶ್ರಣ ಈಗಾಗಲೇ ಸೇರಿರುವುದನ್ನು ಈ ಲೆಕ್ಕದಿಂದ ಕಳೆಯಬೇಕು. ಶೇಕಡ ಎರಡರಷ್ಟು ಮಿಶ್ರಣವಿರುವ ಫೀಡನ್ನು ಐದು ಕಿಲೋ ತಿನ್ನುವ ಹಸುವಿಗೆ ಅದರಿಂದಲೇ 100 ಗ್ರಾಂ ಸಿಕ್ಕಿರುತ್ತದೆ. ತಿಂಗಳಿಗೊಮ್ಮೆ ಹಿಡಿಗಟ್ಟಲೆ ಹಾಕುವುದಕ್ಕಿಂತ ದಿನವೂ ದಾಣಿಯಲ್ಲಿ ಬೆರೆಸುವುದು ಫಲಕಾರಿ, ಏಕೆಂದರೆ ತಾಮ್ರದಂಥ ಒಂದೆರಡನ್ನು ಬಿಟ್ಟರೆ ಲೇಶ ಖನಿಜಗಳನ್ನು ದೇಹ ಹೆಚ್ಚು ಕಾಲ ಕೂಡಿಡಲಾರದು. ನೆಕ್ಕುವ ಬಿಲ್ಲೆಗಳನ್ನು ತೂಗುಹಾಕುವುದು ಅನುಕೂಲಕರವೇ, ಆದರೆ ಯಾವ ಹಸು ಎಷ್ಟು ನೆಕ್ಕಿತೆಂಬ ಲೆಕ್ಕ ಸಿಗುವುದಿಲ್ಲ.

ದನದ ಜೊತೆಗೆ ಕುರಿಯನ್ನೂ ಸಾಕುವ ಮನೆಗಳಲ್ಲಿ ಇನ್ನೊಂದು ಎಚ್ಚರ ಅಗತ್ಯ. ಕುರಿಯ ಯಕೃತ್ತು ತಾಮ್ರವನ್ನು ಹೊರಹಾಕುವುದರಲ್ಲಿ ತೀರ ನಿಧಾನವಾದ್ದರಿಂದ ಹಸುವಿಗೆ ಹದವಾದ ಪ್ರಮಾಣವೇ ಅದಕ್ಕೆ ವಿಷವಾಗುತ್ತದೆ. ವಾರಗಟ್ಟಲೆ ಯಾವ ಲಕ್ಷಣವನ್ನೂ ತೋರದೆ ಯಕೃತ್ತಿನಲ್ಲಿ ಶೇಖರವಾದ ತಾಮ್ರ ಒಮ್ಮೆಲೇ ರಕ್ತಕ್ಕೆ ಬಿಡುಗಡೆಯಾದಾಗ ಕೆಂಪು ರಕ್ತಕಣಗಳು ಒಡೆದು, ಕಣ್ಣು ಹಳದಿಯಾಗಿ, ಮೂತ್ರ ಕಂದುಗೆಂಪಾಗಿ ಕುರಿ ಒಂದೆರಡು ದಿನಗಳಲ್ಲಿ ಸಾಯುತ್ತದೆ. ಹಸುವಿನ ಖನಿಜ ಮಿಶ್ರಣವನ್ನಾಗಲೀ ದನದ ಫೀಡನ್ನಾಗಲೀ ಕುರಿಗೆ ಹಂಚಬಾರದು. ಕುರಿಗೆಂದೇ ತಯಾರಾದ, ತಾಮ್ರ ಕಡಿಮೆಯಿರುವ ಮಿಶ್ರಣ ಪ್ರತ್ಯೇಕವಾಗಿ ದೊರೆಯುತ್ತದೆ.